ನಲವತ್ತನೆಯ ಸೆಕೆಂಡು

ಎರಡು ಸಾವಿರದ ಇಪ್ಪತ್ತನಾಲ್ಕನೇ ಇಸವಿ ಡಿಸೆಂಬರ್ ಹನ್ನೊಂದು, ಬುಧವಾರ. ಬೆಳಗಿನಿಂದ ಮೋಡ. ಮಳೆ ಇಲ್ಲ, ಗಾಳಿಯೂ ಇಲ್ಲ.

ಕಪಿಲೆಯ ದಂಡೆಯ ಸಣ್ಣ ಮಠವೊಂದರಲ್ಲಿ ಶಿಷ್ಯನೊಬ್ಬ ತನ್ನ ಗುರುಗಳನ್ನು ಕೇಳಿದ:

“ಬುದ್ಧಿ, ಒಂದು ನಿಜವಾದದ್ದು. ಇನ್ನೊಂದು ಅದರ ಹಾಗೆಯೇ ಮಾಡಿದ್ದು. ಕೇಳಿದವರಲ್ಲಿ ಒಬ್ಬರಿಗೂ ವ್ಯತ್ಯಾಸ ತಿಳಿಯಲಿಲ್ಲ ಎಂದರೆ, ವ್ಯತ್ಯಾಸ ಇದೆ ಎನ್ನುವುದು ಹೇಗೆ?”

ಗುರುಗಳು ದಾಸೋಹಕ್ಕೆ ಮುತ್ತುಗದ ಎಲೆ ಹಚ್ಚುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಯಾರು ಕೇಳಿದ್ದು, ಏನನ್ನು ಕೇಳಿದ್ದು? ಮೊದಲು ಅದನ್ನು ಹೇಳು.”

ಶಿಷ್ಯನ ಹೆಸರು ಶಿವನಂಜ. ಧಾರಾವಾಹಿ ತಯಾರಿಸುವ ಸಂಸ್ಥೆಯೊಂದರಲ್ಲಿ ಅವನು ಸಂಕಲನಕಾರ. ಚಿತ್ರೀಕರಿಸಿ ತಂದದ್ದನ್ನು ಕತ್ತರಿಸಿ ಜೋಡಿಸುವುದು ಅವನ ಕೆಲಸ. ತಿಂಗಳಿಗೊಮ್ಮೆ ಮಠಕ್ಕೆ ಬರುತ್ತಿದ್ದ. ಅವನು ಹೇಳಿದ:

“ನಮ್ಮ ಧಾರಾವಾಹಿಯಲ್ಲಿ ಅಜ್ಜಿಯ ಪಾತ್ರ ಮಾಡುತ್ತಿದ್ದವರು ಅಂಬುಜಾಕ್ಷಮ್ಮ. ನಾಟಕದ ಕಂಪನಿಯಿಂದ ಬಂದವರು. ಒಂಬತ್ತು ವರ್ಷ ಅವರ ಮಾತನ್ನು ನಾನೇ ಕತ್ತರಿಸಿದ್ದೇನೆ. ಈ ಶ್ರಾವಣದಲ್ಲಿ ಅವರಿಗೆ ಲಕ್ವ ಹೊಡೆಯಿತು. ಜೀವಕ್ಕೆ ಅಪಾಯವಿಲ್ಲ, ಮಾತು ಹೋಯಿತು. ಅಜ್ಜಿ ಇಲ್ಲದೆ ಕತೆ ನಡೆಯುವುದಿಲ್ಲ. ಮನೆಯವರು ಒಪ್ಪಿದರು. ಹಳೆಯ ಕಂತುಗಳನ್ನೆಲ್ಲ ಯಂತ್ರಕ್ಕೆ ಕೊಟ್ಟೆವು. ಈಗ ನಾವು ಬರೆದುಕೊಟ್ಟದ್ದನ್ನು ಅದು ಅವರ ದನಿಯಲ್ಲಿ ಹೇಳುತ್ತದೆ. ಮುಖವನ್ನೂ ಅದೇ ಮಾಡುತ್ತದೆ. ಮೊದಲ ಕಂತಿಗೆ ನಾನು ಮುನ್ನೂರು ಸಲ ಹೇಳಿಸಿ ಒಂದನ್ನು ಆರಿಸಿದೆ. ನೋಡಿದವರಲ್ಲಿ ಯಾರಿಗೂ ತಿಳಿಯಲಿಲ್ಲ. ಅಜ್ಜಿ ಈಚೆಗೆ ಗೆಲುವಾಗಿದ್ದಾರೆ ಎಂದು ಒಬ್ಬರು ಕಾಗದವನ್ನೇ ಬರೆದಿದ್ದಾರೆ.”

“ಅವರು ನೋಡಿದರೇ?”

“ಅಂಬುಜಾಕ್ಷಮ್ಮನವರೇ? ನೋಡಿದರಂತೆ. ಮಗಳು ಹೇಳಿದರು. ಕಂತು ಮುಗಿಯುವವರೆಗೂ ಎಡಗೈಯನ್ನು ಬಾಯಿಯ ಮೇಲೆ ಇಟ್ಟುಕೊಂಡಿದ್ದರಂತೆ.”

“ನೀನು ಹೋಗಿ ಅವರನ್ನು ನೋಡಿದೆಯಾ?”

“ಇಲ್ಲ ಬುದ್ಧಿ. ಕೆಲಸ ಹೆಚ್ಚು.”

ಗುರುಗಳು ಎಲೆಗೆ ಇನ್ನೊಂದು ಕಡ್ಡಿ ಚುಚ್ಚಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಧ್ವನಿಗ್ರಾಹಕನಿದ್ದ. ಸ್ಟುಡಿಯೋದಲ್ಲಿ ಕೂತು ಆಮೇಲೆ ಮಾತು ಸೇರಿಸುವ ಸಿನಿಮಾಗಳಿಗೆ ಅವನು ಹೋಗುತ್ತಿರಲಿಲ್ಲ. ಹೋದ ಜಾಗದಲ್ಲೇ ಮಾತನ್ನು ಹಿಡಿಯುವ ಚಿತ್ರಗಳಿಗೆ ಕೆಲಸ ಮಾಡುತ್ತಿದ್ದ. ಹೆಗಲಿಗೆ ಟೇಪಿನ ಯಂತ್ರ, ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಗೆ ಮೈಕು.

ಒಂದು ಜಾಗದ ಚಿತ್ರೀಕರಣ ಮುಗಿದ ಮೇಲೆ ಅವನು ಕೈ ಎತ್ತಿ ‘ಒಂದು ನಿಮಿಷ’ ಎನ್ನುತ್ತಿದ್ದ. ಆಗ ಎಲ್ಲರೂ ಇದ್ದ ಕಡೆಯೇ ನಿಲ್ಲಬೇಕು. ನಾಯಕಿ ನಿಲ್ಲಬೇಕು, ದೀಪ ಹಿಡಿಯುವವನು ನಿಲ್ಲಬೇಕು, ಅಡುಗೆಯವನು ಒಲೆ ಆರಿಸಿ ನಿಲ್ಲಬೇಕು. ಎತ್ತು ಇದ್ದರೆ ಅದರ ಕೊರಳ ಗಂಟೆಯನ್ನು ಯಾರಾದರೂ ಮುಷ್ಟಿಯಲ್ಲಿ ಹಿಡಿದುಕೊಳ್ಳಬೇಕು. ಆ ಒಂದು ನಿಮಿಷ ಅವನು ಆ ಜಾಗದ ಮೌನವನ್ನು ಟೇಪಿಗೆ ಹಿಡಿಯುತ್ತಿದ್ದ. ಆ ನಿಮಿಷದಲ್ಲಿ ಕೆಮ್ಮಿದವನನ್ನು ಮೂರು ದಿನ ಮಾತಾಡಿಸುತ್ತಿರಲಿಲ್ಲ.

ಅದು ಯಾತಕ್ಕೆ ಎಂದು ನಿನಗೆ ಗೊತ್ತು. ಎರಡು ಮಾತನ್ನು ಕತ್ತರಿಸಿ ಜೋಡಿಸಿದರೆ ನಡುವೆ ಒಂದು ಕುಳಿ ಬೀಳುತ್ತದೆ. ಆ ಕುಳಿಗೆ ಅದೇ ಜಾಗದ ಮೌನವನ್ನು ತುಂಬಬೇಕು. ಬೇರೆ ಜಾಗದ್ದು ಹೊಂದುವುದಿಲ್ಲ. ಕಲ್ಲುಮಂಟಪದ ಮೌನ ಬೇರೆ, ಹೆಂಚಿನ ಮನೆಯ ಮೌನ ಬೇರೆ.

“ಹೌದು ಬುದ್ಧಿ,” ಎಂದ ಶಿವನಂಜ. “ಈಗ ಅದನ್ನೂ ಯಂತ್ರವೇ ತುಂಬಿಕೊಡುತ್ತದೆ.”

“ಅದಕ್ಕೇ ಹೇಳುತ್ತಿದ್ದೇನೆ,” ಎಂದು ಗುರುಗಳು ಮುಂದುವರಿಸಿದರು.

ಹಾಗೆ ಹಿಡಿದ ಮೌನಗಳನ್ನು ಅವನು ಒಂದೊಂದು ಡಬ್ಬಿಯಲ್ಲಿ ಇಡುತ್ತಿದ್ದ. ಡಬ್ಬಿಯ ಮೇಲೆ ಚಿತ್ರದ ಹೆಸರು ಬರೆಯುತ್ತಿರಲಿಲ್ಲ. ದಿನಾಂಕ ಬರೆಯುತ್ತಿದ್ದ, ಆ ದಿನದ ಹವೆ ಬರೆಯುತ್ತಿದ್ದ. ಅಷ್ಟೇ. ಯಾಕೆಂದು ಕೇಳಿದರೆ, ‘ಚಿತ್ರದ ಹೆಸರು ನಿರ್ಮಾಪಕ ಬದಲಾದ ಹಾಗೆ ಬದಲಾಗುತ್ತೆ. ಅವತ್ತಿನ ಬಿಸಿಲನ್ನ ಯಾರೂ ಬದಲಾಯಿಸೋಕಾಗಲ್ಲ’ ಎನ್ನುತ್ತಿದ್ದ. ಗೋಡೆಯ ಉದ್ದಕ್ಕೂ ಡಬ್ಬಿಗಳು ತುಂಬಿದವು.

ಒಂದು ಸಲ ಗೊತ್ತುಮಾಡಿದ್ದ ಮನೆಯ ಯಜಮಾನ ಕೊನೆಯ ಗಳಿಗೆಯಲ್ಲಿ ಕೈಕೊಟ್ಟ. ಬೇರೆ ದಾರಿ ಕಾಣದೆ ಧ್ವನಿಗ್ರಾಹಕನ ಮನೆಯಲ್ಲೇ ಚಿತ್ರೀಕರಣ ಮಾಡಿದರು. ಅವನ ಹೆಂಡತಿ ಇಪ್ಪತ್ತು ಜನರಿಗೆ ಉಪ್ಪಿಟ್ಟು ಮಾಡಿದಳು. ಕೆಲಸ ಮುಗಿಯಿತು. ಅವನು ಕೈ ಎತ್ತಿದ.

‘ಒಂದು ನಿಮಿಷ. ನೀನೂ ನಿಂತುಕೋ.’

ಅವಳು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ‘ಹನ್ನೆರಡು ವರ್ಷದಿಂದ ಈ ಮನೇಲಿ ಮಾತಾಡ್ತಾ ಇದ್ದೀನಿ. ಒಂದು ದಿನ ಅದನ್ನ ಹಿಡೀಲಿಲ್ಲ,’ ಎಂದಳು. ‘ಈಗ ಸುಮ್ಮನಿರೋದನ್ನ ಹಿಡೀತಾರಂತೆ.’

ಎಲ್ಲರೂ ನಕ್ಕರು. ಅವನಿಗೂ ನಗು ಬಂತು. ಆಮೇಲೆ ಎಲ್ಲರೂ ಸುಮ್ಮನಾದರು. ಟೇಪು ಓಡಿತು. ನಲವತ್ತನೆಯ ಸೆಕೆಂಡಿನಲ್ಲಿ ಅವಳು ಸೌಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ತೆಗೆದುಕೊಂಡಳು. ಬಳೆ ಸದ್ದಾಯಿತು.

ಇನ್ನೊಮ್ಮೆ ಹಿಡಿಯೋಣವೆಂದರೆ ಟೇಪು ಮುಗಿದಿತ್ತು. ಅವನು ಮುಖ ಗಂಟು ಹಾಕಿಕೊಂಡು ಡಬ್ಬಿಯ ಮೇಲೆ ಬರೆದ: ‘1986 ನವೆಂಬರ್ 9. ಬೆಳಿಗ್ಗೆ ಮಂಜು, ಆಮೇಲೆ ಬಿಸಿಲು.’

ಸಂಜೆ ಅವಳು ಕೇಳಿದಳು: ‘ರೀ, ನನ್ನಿಂದ ಹಾಳಾಯ್ತಾ?’

‘ಹೂಂ,’ ಎಂದ.

ನಾಲ್ಕು ವರ್ಷದ ಮೇಲೆ ಅವಳು ಜ್ವರದಲ್ಲಿ ತೀರಿಕೊಂಡಳು. ತಿಥಿಯೆಲ್ಲ ಮುಗಿದ ಮೇಲೆ ಅವನಿಗೆ ಒಂದು ವಿಷಯ ಹೊಳೆಯಿತು. ಊರೂರಿನ ಮಾತು ಅವನ ಟೇಪಿನಲ್ಲಿತ್ತು. ಅಗಸರ ಮಾತು, ಪೂಜಾರಿಯ ಮಾತು, ಹೆಸರೇ ಗೊತ್ತಿಲ್ಲದವರ ಮಾತು. ಅವಳದು ಒಂದಕ್ಷರವೂ ಇರಲಿಲ್ಲ. ಆಗ ಆ ಡಬ್ಬಿ ನೆನಪಾಯಿತು.

ಟೇಪನ್ನು ಹೊರತೆಗೆದು ಯಂತ್ರಕ್ಕೆ ಹಾಕಿದ. ಹಿತ್ತಿಲಲ್ಲಿ ಕೋಳಿ ಕೆದಕುವುದು ಕೇಳಿಸಿತು. ಬಿಸಿಲಿಗೆ ಹೆಂಚು ಚಿಟಿಲ್ ಎನ್ನುವುದು ಕೇಳಿಸಿತು. ದೂರದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ನಲವತ್ತನೆಯ ಸೆಕೆಂಡಿನಲ್ಲಿ ಬಳೆ ಸದ್ದಾಯಿತು. ಅವಳು ಬಂದು ಬಾಗಿಲಲ್ಲಿ ನಿಂತಳು.

ಅಂದಿನಿಂದ ವರ್ಷಕ್ಕೊಮ್ಮೆ, ನವೆಂಬರ್ ಒಂಬತ್ತರಂದು, ಆ ಟೇಪು ಹಾಕಿ ಕೇಳುತ್ತಿದ್ದ. ಒಂದು ವರ್ಷ ಕೇಳಿ ಮುಗಿಸಿ ಯಂತ್ರವನ್ನು ಒರೆಸುವಾಗ ಬಟ್ಟೆಗೆ ಕಂದು ಪುಡಿ ಹತ್ತಿತು. ಹಳೆಯ ಟೇಪು ಹಾಗೆಯೇ. ಓಡಿದಷ್ಟೂ ಅದರ ಮೇಲಿನ ಲೇಪ ಉದುರುತ್ತದೆ. ಲೇಪ ಹೋದರೆ ಅದರಲ್ಲಿದ್ದದ್ದೂ ಹೋಯಿತು. ಮುಂದಿನ ವರ್ಷದಿಂದ ಅವನು ಟೇಪು ಹಾಕುವುದನ್ನು ಬಿಟ್ಟ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಣ್ಣುಮುಚ್ಚಿ ಎಣಿಸುತ್ತಿದ್ದ. ಒಂದು, ಎರಡು, ಮೂರು. ನಲವತ್ತಕ್ಕೆ ಬಂದಾಗ ಬಳೆ ಸದ್ದಾಗುತ್ತಿತ್ತು. ಹನ್ನೊಂದು ವರ್ಷ ಹೀಗೆ ನಡೆಯಿತು. ಒಂದು ವರ್ಷವೂ ಅದು ತಪ್ಪಲಿಲ್ಲ.

ಗುರುಗಳು ಹಚ್ಚಿದ ಎಲೆಯನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದುಕೊಂಡರು.

ಧ್ವನಿಗ್ರಾಹಕನಿಗೆ ವಯಸ್ಸಾಯಿತು. ಕೆಲಸ ಕಡಿಮೆಯಾಯಿತು. ಒಂದು ದಿನ ದೊಡ್ಡ ಕಂಪನಿಯಿಂದ ಇಬ್ಬರು ಬಂದರು. ಸಿನಿಮಾ, ಧಾರಾವಾಹಿ, ಜಾಹೀರಾತು, ಎಲ್ಲಕ್ಕೂ ಬೇಕಾದದ್ದನ್ನು ಮಾಡಿಕೊಡುವ ಯಂತ್ರ ಅವರಲ್ಲಿತ್ತು.

‘ನಿಮ್ಮ ಹತ್ತಿರ ಇರುವಷ್ಟು ಮೌನ ದೇಶದಲ್ಲೇ ಯಾರ ಹತ್ತಿರವೂ ಇಲ್ಲವಂತೆ ಸರ್,’ ಎಂದರು. ‘ಯಂತ್ರಕ್ಕೆ ಮೌನ ಕಲಿಸಬೇಕು.’

‘ಮಾತು ಕಲಿಸುವವರನ್ನ ನೋಡಿದ್ದೆ,’ ಎಂದ ಅವನು. ‘ಮೌನ ಕಲಿಸುವವರನ್ನ ಇವತ್ತೇ ನೋಡಿದ್ದು. ಕುಡಿಯೋಕೆ ಏನು ಕೊಡಲಿ?’

ಅವರು ಒಳ್ಳೆಯವರು. ಕೊಡಬೇಕಾದದ್ದನ್ನು ಸರಿಯಾಗಿಯೇ ಕೊಡುವುದಾಗಿ ಹೇಳಿದರು. ಅವನಿಗೆ ಅದು ಮುಖ್ಯವಾಗಿರಲಿಲ್ಲ. ಒಂದೇ ಮಾತು ಕೇಳಿದ. ‘ಹಳೆಯ ಟೇಪು. ಇನ್ನೊಂದು ಸಲ ಓಡಿದರೆ ಕೆಲವು ಪೂರ್ತಿ ಹೋಗುತ್ತವೆ. ಆ ಒಂದು ಸಲದಲ್ಲೇ ಉಳಿಸಿಕೊಳ್ಳೋಕೆ ನಿಮ್ಮಿಂದ ಆಗುತ್ತಾ?’

‘ಆಗುತ್ತೆ ಸರ್. ಒಂದು ಸಲ ನಮ್ಮಲ್ಲಿ ಓಡಿದರೆ ಆಮೇಲೆ ಅದಕ್ಕೆ ಸಾವೇ ಇಲ್ಲ. ಎಲ್ಲದರ ಪ್ರತಿ ನಿಮಗೂ ಕೊಡ್ತೀವಿ.’

ಆ ಮಾತಿಗೆ ಅವನು ಒಪ್ಪಿದ. ಇನ್ನು ಎಣಿಸುತ್ತ ಕೂರಬೇಕಾಗಿಲ್ಲ, ಬೇಕೆಂದಾಗ ಕೇಳಬಹುದು ಎಂದುಕೊಂಡ.

ಡಬ್ಬಿಗಳನ್ನೆಲ್ಲ ತಾನೇ ಒರೆಸಿ ಪೆಟ್ಟಿಗೆಗೆ ತುಂಬಿದ. ತುಂಬುವಾಗ ಅವನಿಗೆ ನಾಚಿಕೆಯಾಯಿತು. ಪರರು ಕೇಳುತ್ತಾರೆ. ಎಷ್ಟೇ ಎಚ್ಚರದಿಂದ ಹಿಡಿದರೂ ಅಲ್ಲಲ್ಲಿ ತಪ್ಪು ಉಳಿದಿತ್ತು. ಒಂದು ಚೀಟಿ ಬರೆದು ಮೇಲಿಟ್ಟ: ‘ಇವುಗಳಲ್ಲಿ ಕೆಲವೆಡೆ ಕೆಮ್ಮು, ಹೆಜ್ಜೆ, ಬಳೆ ಮೊದಲಾದ ದೋಷಗಳಿವೆ. ದಯವಿಟ್ಟು ತೆಗೆದುಬಿಡುವುದು.’ ಕೆಳಗೆ ಸಹಿ ಹಾಕಿದ.

ನಲವತ್ತು ವರ್ಷದ ಕೈ ತಾನಾಗಿ ಬರೆದ ಚೀಟಿ ಅದು. ಬರೆಯುವಾಗ ಹೆಂಡತಿಯ ನೆನಪಾಗಲಿಲ್ಲ. ಅವಳ ಬಳೆಯೂ ಒಂದು ದೋಷ ಎಂಬುದನ್ನು ಅವನು ಮರೆತು ಎಷ್ಟೋ ವರ್ಷವಾಗಿತ್ತು.

ಎರಡು ತಿಂಗಳ ಮೇಲೆ ಪ್ರತಿಗಳು ಬಂದವು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದೊಂದು ಪೆಟ್ಟಿಗೆಯಲ್ಲಿ ಎಲ್ಲವೂ ಇದ್ದವು. ದಿನಾಂಕ ಹುಡುಕಿ ಹಾಕಿದ. ಕೋಳಿ ಕೆದಕಿತು. ಹೆಂಚು ಚಿಟಿಲ್ ಎಂದಿತು. ಬಟ್ಟೆ ಒಗೆಯುವ ಸದ್ದು ಮೊದಲಿಗಿಂತ ಸ್ಪಷ್ಟವಾಗಿತ್ತು. ನಲವತ್ತನೆಯ ಸೆಕೆಂಡು ಬಂತು, ಹೋಯಿತು. ತಾನೇ ಎಣಿಕೆ ತಪ್ಪಿದೆನೆಂದು ಮತ್ತೆ ಹಾಕಿದ. ಮತ್ತೆ ಹಾಕಿದ. ಎಲ್ಲಿಯೂ ಕುಳಿ ಇರಲಿಲ್ಲ. ಅಷ್ಟು ಚೆನ್ನಾಗಿ ತೆಗೆದಿದ್ದರು. ಮನೆ ಹಾಗೆಯೇ ಇತ್ತು, ಬಿಸಿಲು ಹಾಗೆಯೇ ಇತ್ತು, ಬಾಗಿಲಲ್ಲಿ ಯಾರೂ ಇರಲಿಲ್ಲ.

ಮಾರನೆಯ ದಿನ ಕಂಪನಿಗೆ ಹೋದ. ಯಂತ್ರವನ್ನು ನೋಡಿಕೊಳ್ಳುವ ಹೆಂಗಸು ಅವನನ್ನು ಒಂದು ಕೋಣೆಯಲ್ಲಿ ಕೂರಿಸಿ, ಹೇಳಿದ್ದನ್ನೆಲ್ಲ ಕೇಳಿದಳು. ಡಬ್ಬಿ ತರಿಸಿ ಟೇಪು ತೋರಿಸಿದಳು. ಲೇಪವೆಲ್ಲ ಉದುರಿ ಅದು ಬರಿಯ ಪಟ್ಟಿಯಾಗಿತ್ತು.

‘ತೆಗೆಯುವ ಮೊದಲಿನದು ಒಂದು ಇರಬೇಕಲ್ಲ, ತಾಯಿ.’

‘ಇರಲ್ಲ ಸರ್. ಟೇಪು ಓಡುವಾಗಲೇ ದೋಷವೆಲ್ಲ ತೊಳೆದುಕೊಂಡು ಸದ್ದು ಒಳಗೆ ಹೋಗುತ್ತೆ. ಹಾಗೆ ಮಾಡಿ ಅಂತ ನೀವೇ ಬರೆದಿದ್ದೀರಿ.’ ಚೀಟಿಯನ್ನು ಮುಂದಿಟ್ಟಳು. ‘ನಿಮ್ಮ ಅಕ್ಷರ ತಾನೇ?’

‘ನಂದೇ.’

ಅವನು ಬಹಳ ಹೊತ್ತು ಚೀಟಿಯನ್ನು ನೋಡುತ್ತ ಕೂತ. ಅವಳಿಗೆ ಪಾಪ ಎನಿಸಿತು.

‘ಸರ್, ಆ ಸದ್ದು ಹೇಗಿತ್ತು ಅಂತ ಹೇಳಿ. ಯಂತ್ರ ಮಾಡಿಕೊಡುತ್ತೆ. ಸರಿಯಾಗೋವರೆಗೂ ಮಾಡಿಸೋಣ.’

‘ಅದಕ್ಕೆ ನಾನೇನು ಕೊಡಬೇಕು?’

‘ಅಯ್ಯೋ, ಏನೂ ಬೇಡ ಸರ್. ಕೂತು ಕೇಳಿದರೆ ಸಾಕು.’

ಅವನು ಹೇಳಿದ. ಗಾಜಿನ ಬಳೆ. ನಾಲ್ಕು ಇದ್ದವು. ಐದನೆಯದು ಹಿಂದಿನ ದಿನ ಬಟ್ಟೆ ಒಗೆಯುವಾಗ ಒಡೆದಿತ್ತು. ಕೈ ಒದ್ದೆಯಿತ್ತು. ಸೌಟು ಬಲಗೈಯಿಂದ ಎಡಗೈಗೆ ಹೋಯಿತು. ಆ ಹೆಂಗಸು ಅದನ್ನೆಲ್ಲ ಯಂತ್ರಕ್ಕೆ ಬರೆದಳು. ಯಂತ್ರ ಒಂದು ಸದ್ದು ಮಾಡಿತು.

‘ಇದಲ್ಲ,’ ಎಂದ ಕೂಡಲೇ. ‘ಇದು ಮದುವಣಗಿತ್ತಿಯ ಕೈ.’

ಇನ್ನೊಂದು ಮಾಡಿಸಿದಳು.

‘ಇವಳು ಯಾರ ಮೇಲೋ ಸಿಟ್ಟಾಗಿದ್ದಾಳೆ.’

ಅವಳು ನಕ್ಕಳು. ಅವನೂ ನಕ್ಕ. ಹೀಗೆ ಮೊದಲ ಹತ್ತನ್ನು ಕೇಳಿದೊಡನೆ ತಳ್ಳಿಹಾಕಿದ. ಇಪ್ಪತ್ತು ದಾಟಿದ ಮೇಲೆ ಸ್ವಲ್ಪ ಯೋಚಿಸಿ ಬೇಡ ಎನ್ನತೊಡಗಿದ. ಮೂವತ್ತಾರನೆಯದನ್ನು ಕೇಳಿ ನಗಲಿಲ್ಲ, ‘ಹತ್ತಿರ ಬಂತು’ ಎಂದ. ಐವತ್ತರ ಮೇಲೆ ಒಂದೊಂದನ್ನೂ ಎರಡೆರಡು ಸಲ ಹಾಕಿಸಿದ. ಎಂಬತ್ತರ ಮೇಲೆ, ಹಿಂದೆ ಬೇಡವೆಂದಿದ್ದನ್ನು ಮತ್ತೆ ಹಾಕಿ ಎಂದು ಕೇಳಿದ. ಅವಳು ಬೇಸರಪಡದೆ ಹಾಕಿದಳು. ಮಧ್ಯಾಹ್ನ ಊಟಕ್ಕೆ ಕರೆದಳು, ಅವನು ಏಳಲಿಲ್ಲ.

ನೂರನೆಯದು ಬಂದಾಗ ಅವನು ಕಣ್ಣುಮುಚ್ಚಿದ್ದ. ಸದ್ದು ನಿಂತ ಮೇಲೂ ಕಣ್ಣು ತೆರೆಯಲಿಲ್ಲ.

‘ಇದೇ ಇರಬೇಕು,’ ಎಂದ.

ಅವಳು ಅದನ್ನು ನಲವತ್ತನೆಯ ಸೆಕೆಂಡಿನಲ್ಲಿ ಕೂರಿಸಿ ಕೊಟ್ಟಳು. ಅವನು ಕೈಮುಗಿದು, ಖಾಲಿ ಡಬ್ಬಿಯನ್ನು ತೆಗೆದುಕೊಂಡು ಹೊರಟ. ಅಂದಿನ ಚಿತ್ರೀಕರಣದಲ್ಲಿದ್ದ ಗೆಳೆಯನೊಬ್ಬ ಇನ್ನೂ ಬದುಕಿದ್ದ. ಮನೆಗೆ ಕರೆದು ಕೇಳಿಸಿದ. ಗೆಳೆಯ ಕೇಳಿ, ‘ನಮ್ಮತ್ತಿಗೆಯೇ ಕಣಯ್ಯ. ಅವತ್ತು ನೀನು ಮುಖ ಗಂಟು ಹಾಕಿಕೊಂಡಿದ್ದು ಇನ್ನೂ ನೆನಪಿದೆ’ ಎಂದು ಕಣ್ಣೊರೆಸಿಕೊಂಡ.

ಆ ವರ್ಷ ನವೆಂಬರ್ ಒಂಬತ್ತು ಬಂತು. ಬೆಳಿಗ್ಗೆ ಮಂಜು, ಆಮೇಲೆ ಬಿಸಿಲು. ಅವನು ಎದ್ದು ಸ್ನಾನ ಮಾಡಿ, ಖಾಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಕಣ್ಣುಮುಚ್ಚಿ ಎಣಿಸಿದ. ನಲವತ್ತಕ್ಕೆ ಬಂದ. ನಲವತ್ತೊಂದು ಎಂದ. ನಲವತ್ತೆರಡು ಎಂದ. ಅರವತ್ತು ಮುಗಿದ ಮೇಲೆ ಎದ್ದುಹೋಗಿ ಕಂಪನಿ ಕೊಟ್ಟದ್ದನ್ನು ಹಾಕಿದ.

ಗುರುಗಳು ಕತೆ ನಿಲ್ಲಿಸಿದರು.

ಶಿವನಂಜನಿಗೆ ಕತೆ ಮುಂದೆ ಹೋಗುವಂತೆ ಕಾಣಲಿಲ್ಲ.

“ಅದರಲ್ಲಿ ಬಳೆ ಸದ್ದಾಯಿತಲ್ಲ, ಬುದ್ಧಿ?”

“ಆಯಿತು. ನಲವತ್ತಕ್ಕೆ ಸರಿಯಾಗಿ.”

“ಗೆಳೆಯನೂ ಅದೇ ಎಂದ. ಕಳೆದದ್ದು ಅವನಿಗೆ ಸಿಕ್ಕಿತು ಎಂದೇ ಆಯಿತಲ್ಲ. ಅವರು ಕೇಳಿದ್ದೂ ಏನಿಲ್ಲ, ಕೂತು ಕೇಳಿದರೆ ಸಾಕು ಎಂದರು. ಅವನು ಏನೂ ಕೊಡಬೇಕಾಗಲಿಲ್ಲ.”

ಗುರುಗಳು ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟರು.

“ಆ ಕೋಣೆಯೊಳಗೆ ಹೋಗುವಾಗ ಅವನ ಕಿವಿಯಲ್ಲಿ ಬಳೆಯ ಸದ್ದು ಒಂದೇ ಒಂದಿತ್ತು, ಶಿವನಂಜ. ನೂರು ಕೇಳಿ ಅದನ್ನು ಕೊಟ್ಟು ಬಂದ.”